ಹನ್ನೆರಡರ ಲೆಕ್ಕದಲ್ಲಿ ಅಲೆ ಹೊದಿಕೆ

‘ಅಲೆ ಅಲೆಯಾಗಿ ಬರುತ್ತಲ್ಲ, ಆ ಕ್ರೋಶಾ ಹೊದಿಕೆ, ಅದನ್ನ ಹೊಸಬರೂ ಹೆಣೀಬಹುದಾ?’ ಚಿಕ್ಕಮಗಳೂರಿನಲ್ಲಿ ಚಳಿ ಶುರುವಾಯಿತು ಅಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಅದರ ಬೆನ್ನಿಗೇ ಇನ್ನೊಂದು: ‘ಹೆಣೆಯೋಕೆ ಕೂತೆ, ಆದ್ರೆ ಹೋಗ್ತಾ ಹೋಗ್ತಾ ಕಿರಿದಾಗಿ ತ್ರಿಕೋನ ಆಯ್ತು. ಎಲ್ಲಿ ತಪ್ಪಿದೆ?’

ಮೊದಲ ಪ್ರಶ್ನೆಗೆ ಉತ್ತರ, ಧಾರಾಳವಾಗಿ ಹೆಣೆಯಬಹುದು. ಚೈನ್, ಸಿಂಗಲ್, ಡಬಲ್ ಎಂಬ ಮೂರು ಮೂಲ ಹೆಣಿಗೆ ಬಂದರೆ ಸಾಕು. ಎರಡನೆಯದು ಎಣಿಕೆಯ ತಪ್ಪು. ನನ್ನ ಮೊದಲ ಹೊದಿಕೆಯೂ ಹಾಗೇ ಆಗಿತ್ತು. ಒಂದು ತುದಿಯಲ್ಲಿ ಇಬ್ಬರು ಹೊದೆಯಬಹುದು, ಇನ್ನೊಂದು ತುದಿಯಲ್ಲಿ ಬೆಕ್ಕು ಮಲಗಬಹುದು. ಒಂದು ಸಾಲಿನಲ್ಲಿ 180 ಹೆಣಿಗೆ ಇದ್ದರೆ ಅಷ್ಟನ್ನೂ ತಪ್ಪದೆ ಎಣಿಸುತ್ತಾ ಕೂರಲು ಯಾರಿಂದಲೂ ಆಗುವುದಿಲ್ಲ. ಒಲೆ ಮೇಲೆ ಹಾಲು ಉಕ್ಕುತ್ತದೆ, ಫೋನ್ ಬರುತ್ತದೆ, ಲೆಕ್ಕ ಹೋಯಿತು. ಹಾಗಾಗಿ ಇಲ್ಲಿ ಹೇಳುವ ವಿಧಾನದಲ್ಲಿ ನೀವು ಹನ್ನೆರಡರ ಮೇಲೆ ಎಣಿಸುವುದೇ ಬೇಡ.

ಬೇಕಾಗುವ ಸಾಮಾನು

ದಾರ: ಉಲ್ಲನ್ ಅಂತ ಕೇಳಿದರೆ ಅಂಗಡಿಯವರು ಕೊಡುವುದು ಹೆಚ್ಚಾಗಿ ಅಕ್ರಿಲಿಕ್. ಹೆಸರು ಉಲ್ಲನ್, ಕುರಿ ಮಾತ್ರ ಅದನ್ನು ಕಂಡಿರುವುದಿಲ್ಲ. ಇರಲಿ, ಮಲೆನಾಡಿನ ಮನೆಗೆ ಅದೇ ಒಳ್ಳೆಯದು. ಬೇಗ ಒಣಗುತ್ತದೆ, ನುಸಿ ತಿನ್ನುವುದಿಲ್ಲ, ಬೆಲೆಯೂ ಕಮ್ಮಿ. ಅಪ್ಪಟ ಉಣ್ಣೆ ಬೆಚ್ಚಗಿರುತ್ತದೆ ನಿಜ, ಆದರೆ ಮಳೆಗಾಲದಲ್ಲಿ ಒಮ್ಮೆ ಒದ್ದೆಯಾದರೆ ಅದನ್ನು ಒಣಗಿಸುವ ಪಾಡು ಬೇಡ. ವರ್ಧಮಾನ್, ಓಸ್ವಾಲ್ ತರಹದ ದಾರಗಳು ಟೈಲರಿಂಗ್ ಸಾಮಾನಿನ ಅಂಗಡಿ, ಫ್ಯಾನ್ಸಿ ಸ್ಟೋರುಗಳಲ್ಲಿ ಸಿಗುತ್ತವೆ. ನಮ್ಮ ಎಂ.ಜಿ. ರಸ್ತೆ ಕಡೆಯೋ, ಹಾಸನದವರಾದರೆ ಬಿ.ಎಂ. ರಸ್ತೆ ಕಡೆಯೋ ವಿಚಾರಿಸಿ ನೋಡಿ.

ದಪ್ಪ ಎಷ್ಟಿರಬೇಕು? ಸ್ವೆಟರ್ ಹೆಣೆಯುವ ಮಧ್ಯಮ ದಪ್ಪದ ದಾರ. ಲೇಬಲ್ ಮೇಲೆ ‘ಡಿಕೆ’ ಅಥವಾ ‘8 ಪ್ಲೈ’ ಅಂತ ಇರಬಹುದು. ಪ್ಲೈ ಅಂದರೆ ಎಳೆ. ಎಳೆಯ ಸಂಖ್ಯೆಯನ್ನೇ ನಂಬಿಕೊಂಡು ಕೂರಬೇಡಿ, ಒಂದು ಕಂಪನಿಯ 4 ಎಳೆ ಇನ್ನೊಂದರ 8 ಎಳೆಯಷ್ಟು ದಪ್ಪ ಇರುವುದುಂಟು. ಪೆನ್ಸಿಲ್‌ಗೆ ದಾರವನ್ನು ಒತ್ತೊತ್ತಾಗಿ, ಎಳೆಯದೆ ಸುತ್ತಿ ನೋಡಿ. ಒಂದು ಇಂಚಿಗೆ 11ರಿಂದ 14 ಸುತ್ತು ಬಂದರೆ ಸರಿ.

ದಾರ ಲಡಿಯಾಗಿ ಸಿಕ್ಕರೆ ಮೊದಲು ಉಂಡೆ ಸುತ್ತಿಕೊಳ್ಳಿ. ಲಡಿಯನ್ನು ಕುರ್ಚಿಯ ಬೆನ್ನಿಗೆ ಹಾಕಿ ನಿಧಾನಕ್ಕೆ ಸುತ್ತಬೇಕು. ಲಡಿಯಿಂದಲೇ ಹೆಣೆಯಲು ಹೊರಟರೆ ಅರ್ಧ ಗಂಟೆಯಲ್ಲಿ ಗೋಜಲಾಗುತ್ತದೆ.

ಕ್ರೋಶಾ ಕಡ್ಡಿ: 4.5 ಮಿ.ಮೀ. ಸೀರೆ ಕುಚ್ಚು ಕಟ್ಟುವ ಸ್ಟೀಲ್ ಕಡ್ಡಿ ಮನೆಯಲ್ಲಿ ಇದೆ ಅಂತ ಅದರಲ್ಲೇ ಶುರು ಮಾಡಬೇಡಿ. ಅದು ರೇಷ್ಮೆ ದಾರಕ್ಕೆ ಮಾಡಿದ ಸಣ್ಣ ಕಡ್ಡಿ, ಉಲ್ಲನ್ ಅದರ ಕೊಕ್ಕೆಯಲ್ಲಿ ಕೂರುವುದಿಲ್ಲ. ಬುಡದ ಚೈನ್‌ಗೆ ಮಾತ್ರ ಒಂದು 5 ಅಥವಾ 5.5 ಮಿ.ಮೀ. ಕಡ್ಡಿ ಇದ್ದರೆ ಇನ್ನೂ ಒಳ್ಳೆಯದು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಇನ್ನುಳಿದದ್ದು: 20 ಪಿನ್ನು (ಸಾಮಾನ್ಯ ಸೇಫ್ಟಿ ಪಿನ್ನೇ ಸಾಕು), ಕತ್ತರಿ, ಟೇಪು, ದೊಡ್ಡ ಕಣ್ಣಿನ ಮೊಂಡು ಸೂಜಿ, ಅಡುಗೆಮನೆಯ ತೂಕದ ಯಂತ್ರ.

ನಾಲ್ಕು ಪದಗಳು ಗೊತ್ತಿರಲಿ

ವಿಡಿಯೋ ನೋಡಿ ಕಲಿಯುವವರು ಒಂದು ವಿಷಯ ಗಮನದಲ್ಲಿಡಿ. ಅಮೆರಿಕದವರು ‘ಡಬಲ್’ ಅನ್ನುವುದನ್ನು ಬ್ರಿಟನ್ನಿನವರು ‘ಟ್ರೆಬಲ್’ ಅನ್ನುತ್ತಾರೆ, ಅಮೆರಿಕದ ‘ಸಿಂಗಲ್’ ಬ್ರಿಟನ್ನಿನಲ್ಲಿ ‘ಡಬಲ್’. ಅರ್ಧ ಗೊಂದಲ ಹುಟ್ಟುವುದೇ ಇಲ್ಲಿ. ನಾನು ಬಳಸುವುದು ಅಮೆರಿಕದ ಹೆಸರು. ಗೊಂದಲವೇ ಬೇಡ ಅಂತ ಡಬಲ್ ಕ್ರೋಶಾವನ್ನು ಈ ಲೇಖನದಲ್ಲಿ ‘ಕಂಬ’ ಅನ್ನುತ್ತೇನೆ, ನೋಡಲು ಹಾಗೇ ಇರುತ್ತದೆ.

ಕಂಬ: ಕಡ್ಡಿಗೆ ಒಮ್ಮೆ ದಾರ ಸುತ್ತಿ, ಹಿಂದಿನ ಸಾಲಿನ ಹೆಣಿಗೆಯ ತಲೆಯೊಳಗೆ ತೂರಿಸಿ ದಾರ ಎಳೆದುಕೊಳ್ಳಿ. ಈಗ ಕಡ್ಡಿಯ ಮೇಲೆ ಮೂರು ಕುಣಿಕೆ ಇವೆ. ದಾರ ಸುತ್ತಿ ಎರಡು ಕುಣಿಕೆಯೊಳಗಿಂದ ಎಳೆಯಿರಿ. ಎರಡು ಉಳಿಯುತ್ತವೆ. ಮತ್ತೆ ಸುತ್ತಿ ಆ ಎರಡರಿಂದಲೂ ಎಳೆಯಿರಿ. ಒಂದು ಕಂಬ ಆಯಿತು. (ತಲೆ ಅಂದರೆ ಹೆಣಿಗೆಯ ಮೇಲುಗಡೆ ಜಡೆಯಂತೆ ಕಾಣುವ ಎರಡು ಎಳೆ. ಕಡ್ಡಿ ಆ ಎರಡೂ ಎಳೆಯ ಕೆಳಗೆ ಹೋಗಬೇಕು.)

ಜೋಡಿ: ಒಂದೇ ತಲೆಯೊಳಗೆ ಎರಡು ಕಂಬ. ಒಂದು ಇದ್ದದ್ದು ಎರಡಾಗುತ್ತದೆ.

ಕೂಡು: ಎರಡು ತಲೆ ಸೇರಿಸಿ ಒಂದು ಕಂಬ. ಮೊದಲ ಕಂಬವನ್ನು ಕಡ್ಡಿಯ ಮೇಲೆ ಎರಡು ಕುಣಿಕೆ ಇರುವಾಗ ನಿಲ್ಲಿಸಿ. ಮುಗಿಸದೆ ದಾರ ಸುತ್ತಿ ಪಕ್ಕದ ತಲೆಯೊಳಗೆ ತೂರಿಸಿ ಎಳೆದುಕೊಳ್ಳಿ, ನಾಲ್ಕು ಕುಣಿಕೆ ಆಗುತ್ತವೆ. ದಾರ ಸುತ್ತಿ ಎರಡರಿಂದ ಎಳೆಯಿರಿ, ಮೂರು ಉಳಿಯುತ್ತವೆ. ಕೊನೆಗೆ ದಾರ ಸುತ್ತಿ ಮೂರರಿಂದಲೂ ಒಟ್ಟಿಗೆ ಎಳೆದುಬಿಡಿ. ಎರಡು ಇದ್ದದ್ದು ಒಂದಾಯಿತು.

ಅಲೆ: ಜೋಡಿ ಹಾಕಿದ ಕಡೆ ಹೆಣಿಗೆ ಉಬ್ಬಿ ಗುಡ್ಡವಾಗುತ್ತದೆ. ಕೂಡು ಹಾಕಿದ ಕಡೆ ಇಳಿದು ಕಣಿವೆಯಾಗುತ್ತದೆ. ಅಲೆಯ ಗುಟ್ಟು ಇಷ್ಟೇ. ಎಷ್ಟು ಹೆಚ್ಚಿಸುತ್ತೀರೋ ಅಷ್ಟನ್ನೇ ಕಮ್ಮಿ ಮಾಡಿದರೆ ಅಗಲ ಒಂದೇ ಸಮ ಇರುತ್ತದೆ.

ಹಂತ 1: ಸಣ್ಣ ತುಂಡು ಹೆಣೆದು ನೋಡಿ

ಇದನ್ನು ಬಿಟ್ಟುಬಿಡುವವರೇ ಜಾಸ್ತಿ. ಬಿಡಬೇಡಿ, ಒಂದು ಸಂಜೆಯ ಕೆಲಸ. 37 ಚೈನ್ ಹಾಕಿ, ಮುಂದಿನ ಹಂತಗಳಲ್ಲಿ ಹೇಳುವ ಹಾಗೆ ಮೂರು ಅಲೆಯ ತುಂಡೊಂದನ್ನು 8 ಸಾಲು ಹೆಣೆಯಿರಿ. ಟೇಪು ಹಿಡಿದು ಅಳೆಯಿರಿ, ತೂಕ ಮಾಡಿ.

ನನ್ನ ಕೈಗೆ ಆ ತುಂಡು 21 ಸೆಂ.ಮೀ. ಅಗಲ, 10 ಸೆಂ.ಮೀ. ಉದ್ದ ಬಂತು, ತೂಕ 10 ಗ್ರಾಂ. ಅಂದರೆ ಒಂದು ಅಲೆಗೆ 7 ಸೆಂ.ಮೀ. ಸೋಫಾ ಮೇಲೆ ಹಾಕಿಕೊಳ್ಳಲು, ಕೂತಲ್ಲೇ ಕಾಲಿಗೆ ಹೊದೆಯಲು 105 ಸೆಂ.ಮೀ. ಅಗಲ, 140 ಸೆಂ.ಮೀ. ಉದ್ದ ಬೇಕು ಅಂದುಕೊಳ್ಳಿ. 105ನ್ನು 7ರಿಂದ ಭಾಗಿಸಿದರೆ 15 ಅಲೆ. 140 ಸೆಂ.ಮೀ. ಉದ್ದಕ್ಕೆ ಸುಮಾರು 112 ಸಾಲು. ಇಡೀ ಹೊದಿಕೆ ಆ ತುಂಡಿನ 70ರಷ್ಟು ಆಗುತ್ತದೆ, ಹಾಗಾಗಿ ದಾರ 700 ಗ್ರಾಂ. ಅಂಚಿಗೆ, ಕತ್ತರಿಸಿ ಬಿಡುವ ತುದಿಗಳಿಗೆ ಇನ್ನೊಂದು 100 ಗ್ರಾಂ ಸೇರಿಸಿ ಕೊಳ್ಳಿ.

ನಿಮ್ಮ ಕೈ ಬಿಗಿ ಇದ್ದರೆ ಈ ಅಂಕಿಗಳು ಬೇರೆ ಬರುತ್ತವೆ, ಬರಲಿ. ನಿಮ್ಮ ಅಳತೆ ಹಾಕಿ ಅದೇ ಲೆಕ್ಕ ಮಾಡಿ. ಮಗುವಿಗಾದರೆ 10 ಅಲೆ ಸಾಕು.

ಒಂದು ಬಣ್ಣಕ್ಕೆ ಬೇಕಾದ ಅಷ್ಟೂ ದಾರವನ್ನು ಒಂದೇ ಸಲ ತನ್ನಿ. ಲೇಬಲ್ ಮೇಲೆ ‘ಲಾಟ್’ ನಂಬರ್ ಅಂತ ಇರುತ್ತದೆ, ಅಂದರೆ ಯಾವ ಸಲ ಬಣ್ಣ ಹಾಕಿದ ದಾರ ಎಂಬ ಗುರುತು. ಎಲ್ಲ ಉಂಡೆಯಲ್ಲೂ ಅದು ಒಂದೇ ಇರಲಿ. ನಾನೊಮ್ಮೆ ನಾಲ್ಕನೇ ಉಂಡೆಯನ್ನು ತಿಂಗಳು ಬಿಟ್ಟು ತಂದೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಒಂದೇ ಹಸಿರು. ಮನೆಯ ಜಗುಲಿಯ ಬಿಸಿಲಿನಲ್ಲಿ ಒಂದು ವೀಳ್ಯದೆಲೆ, ಇನ್ನೊಂದು ಬಾಳೆಲೆ.

ಹಂತ 2: ಚೈನ್ ಮತ್ತು ತಳದ ಸಾಲು

ಸೂತ್ರ ಸುಲಭ. ಅಲೆಯ ಸಂಖ್ಯೆಯನ್ನು 12ರಿಂದ ಗುಣಿಸಿ ಒಂದು ಸೇರಿಸಿ. 15 ಅಲೆಗೆ 180, ಜೊತೆಗೆ 1, ಒಟ್ಟು 181 ಚೈನ್.

ಚೈನ್ ಬಿಗಿಯಾದರೆ ಹೊದಿಕೆಯ ಬುಡ ಬಟ್ಟಲಿನಂತೆ ಒಳಕ್ಕೆ ಸೆಳೆಯುತ್ತದೆ. ಮುಂದೆ ಎಷ್ಟು ಚೆನ್ನಾಗಿ ಹೆಣೆದರೂ ಅದು ಸರಿಯಾಗುವುದಿಲ್ಲ. ಅದಕ್ಕೇ ದಪ್ಪ ಕಡ್ಡಿಯಲ್ಲಿ ಚೈನ್ ಹಾಕಿ ಅಂದದ್ದು.

ಎಣಿಸುವಾಗ ಲೆಕ್ಕ ತಪ್ಪೀತು ಅನ್ನುವ ಭಯ ಇದ್ದರೆ ಹತ್ತು ಚೈನ್ ಜಾಸ್ತಿಯೇ ಹಾಕಿ. ತಳದ ಸಾಲು ಮುಗಿದ ಮೇಲೆ ಉಳಿದ ಚೈನನ್ನು ಶುರುವಿನ ಗಂಟಿನ ಕಡೆಯಿಂದ ಬಿಚ್ಚಿಬಿಡಬಹುದು. ಕಮ್ಮಿ ಬಿದ್ದರೆ ಮಾತ್ರ ಕಷ್ಟ.

ಈಗ 4.5 ಕಡ್ಡಿಗೆ ಬನ್ನಿ. ಕಡ್ಡಿಯಿಂದ ಎರಡನೇ ಚೈನಿನಲ್ಲಿ ಮೊದಲ ಸಿಂಗಲ್, ಆಮೇಲೆ ಒಂದೊಂದು ಚೈನಿಗೆ ಒಂದೊಂದು ಸಿಂಗಲ್. ಹನ್ನೆರಡು ಆದ ಕೂಡಲೇ ಒಂದು ಪಿನ್ನು ಹಾಕಿ. ಹನ್ನೆರಡನೆಯದರ ತಲೆಗೂ ಮುಂದಿನದರ ತಲೆಗೂ ನಡುವೆ ಅದು ಕೂರಬೇಕು. ಮತ್ತೆ ಹನ್ನೆರಡು, ಮತ್ತೊಂದು ಪಿನ್ನು. ಕೊನೆಯ ಹನ್ನೆರಡರ ನಂತರ ಪಿನ್ನು ಬೇಡ, ಅಲ್ಲಿ ಅಂಚು ಇದೆ. 15 ಅಲೆಗೆ 14 ಪಿನ್ನು.

ಎರಡು ಪಿನ್ನಿನ ನಡುವಿನ ಜಾಗವನ್ನು ‘ಮನೆ’ ಅನ್ನೋಣ. ಪ್ರತಿ ಮನೆಗೂ ಹನ್ನೆರಡು ತಲೆ.

ತಳಕ್ಕೆ ಸಿಂಗಲ್ ಸಾಲು ಹಾಕದೆ ನೇರವಾಗಿ ಚೈನಿಗೇ ಕಂಬ ಹಾಕುವ ಮಾದರಿಗಳೇ ಜಾಸ್ತಿ. ನನಗೆ ಅದು ಇಷ್ಟವಿಲ್ಲ. ತಿರುಚಿಕೊಂಡ ಚೈನಿನಲ್ಲಿ ಜೋಡಿ, ಕೂಡು ಹಾಕುತ್ತಾ ಎಣಿಸುವುದು ಹೊಸಬರಿಗೆ ಸುಮ್ನೆ ತಲೆನೋವು. ಒಂದು ಸಾಲು ಸಿಂಗಲ್ ಇದ್ದರೆ ಕಾಲೂರಲು ನೆಲ ಸಿಕ್ಕಂತೆ.

ಹಂತ 3: ಅಲೆಯ ಸಾಲು

ಎಲ್ಲ ಮನೆಗೂ ಒಂದೇ ಪಾಠ:

ಜೋಡಿ, ಮೂರು, ಕೂಡು, ಕೂಡು, ಮೂರು, ಜೋಡಿ.

ಬಿಡಿಸಿ ಹೇಳುವುದಾದರೆ, ಮೊದಲ ತಲೆಯಲ್ಲಿ ಜೋಡಿ. ಮುಂದಿನ ಮೂರು ತಲೆಯಲ್ಲಿ ಒಂದೊಂದು ಕಂಬ. ಆಮೇಲೆ ಎರಡು ತಲೆ ಸೇರಿಸಿ ಕೂಡು, ಮತ್ತೆರಡು ಸೇರಿಸಿ ಕೂಡು. ಮತ್ತೆ ಮೂರು ತಲೆಯಲ್ಲಿ ಒಂದೊಂದು ಕಂಬ. ಕೊನೆಯ ತಲೆಯಲ್ಲಿ ಜೋಡಿ. ಪಿನ್ನು ಬಂತು. ಪಿನ್ನು ದಾಟಿದರೆ ಮತ್ತೆ ‘ಜೋಡಿ’ಯಿಂದ ಶುರು. ಅಂದರೆ ಪಿನ್ನಿನ ಈಚೆ ಒಂದು ಜೋಡಿ, ಆಚೆ ಒಂದು ಜೋಡಿ, ಅದೇ ಗುಡ್ಡದ ನೆತ್ತಿ.

ಬಳಸಿದ ತಲೆಗಳನ್ನು ಕೂಡಿಸಿ ನೋಡಿ: 1, 3, 2, 2, 3, 1, ಒಟ್ಟು ಹನ್ನೆರಡು. ಹುಟ್ಟಿದ ಕಂಬಗಳು: 2, 3, 1, 1, 3, 2. ಇದೂ ಹನ್ನೆರಡು. ಮನೆಯೊಳಗೆ ಹೋದಷ್ಟೇ ಹೊರಗೆ ಬಂತು. ಅಂಚಿನ ಮನೆಗೂ ಇದೇ ಪಾಠ, ಬೇರೆ ನಿಯಮ ಇಲ್ಲ.

ಸಾಲು ಶುರು ಮಾಡುವಾಗ ಮಾತ್ರ ಒಂದು ಸಣ್ಣ ವಿಷಯ ಇದೆ. ಕೆಲಸವನ್ನು ತಿರುಗಿಸಿ 3 ಚೈನ್ ಹಾಕಿ. ಈ 3 ಚೈನೇ ಸಾಲಿನ ಮೊದಲ ಕಂಬ. ಅದರ ಬುಡದಲ್ಲಿರುವ ಅದೇ ತಲೆಯೊಳಗೆ ಇನ್ನೊಂದು ಕಂಬ ಹಾಕಿದರೆ ಮೊದಲ ಜೋಡಿ ಆಯಿತು.

ಪಿನ್ನನ್ನು ಸಾಲು ಸಾಲಿಗೂ ಮೇಲಕ್ಕೆ ತನ್ನಿ. ನೆತ್ತಿಯಲ್ಲಿ ಒತ್ತೊತ್ತಾಗಿ ನಾಲ್ಕು ಕಂಬ ನಿಂತಿರುತ್ತವೆ. ಎರಡು ಈಚಿನ ಮನೆಯವು, ಎರಡು ಆಚಿನ ಮನೆಯವು. ಪಿನ್ನು ಅವುಗಳ ನಟ್ಟನಡುವೆ. ಮೊದಲ ಆರೇಳು ಸಾಲಿನವರೆಗೆ ಪಿನ್ನು ಬೇಕೇ ಬೇಕು. ಆಮೇಲೆ ಕಣ್ಣೇ ಹೇಳುತ್ತದೆ, ನಾಲ್ಕು ಕಂಬದಲ್ಲಿ ನಡುವಿನ ಎರಡರ ಮೇಲೆ ಜೋಡಿ ಅಂತ. ಕಣಿವೆಯಲ್ಲೂ ಹಾಗೇ. ಹಿಂದಿನ ಸಾಲಿನ ಎರಡು ಕೂಡು ಕಂಬಗಳಿರುತ್ತವಲ್ಲ, ಅವುಗಳ ಅಕ್ಕಪಕ್ಕದ ಒಂದೊಂದನ್ನು ಸೇರಿಸಿಕೊಂಡು ಈ ಸಾಲಿನ ಕೂಡು ಬೀಳಬೇಕು.

ಮೊದಲ ಅಲೆಯ ಸಾಲು ಮುಗಿದಾಗ ಅಲೆಯೇ ಕಾಣುವುದಿಲ್ಲ, ಎಲ್ಲ ಸುರುಟಿಕೊಂಡ ಹಾಗೆ ಇರುತ್ತದೆ. ಗಾಬರಿ ಬೇಡ. ಮೂರನೇ ಸಾಲಿಗೆ ಬಾಬಾಬುಡನ್‌ಗಿರಿ ಸಾಲಿನ ಹಾಗೆ ಏರಿಳಿತ ತಾನೇ ಎದ್ದು ಬರುತ್ತದೆ.

ಇಲ್ಲಿ ಎಡವುವುದು ಎಲ್ಲಿ?

ಸಾಲಿನ ಕೊನೆ. ಹಿಂದಿನ ಸಾಲಿನ ಶುರುವಿನ 3 ಚೈನ್ ಒಂದು ಕಂಬ ಅಂತ ಹೇಳಿದೆನಲ್ಲ, ಅದಕ್ಕೂ ತಲೆ ಇದೆ. ಮೂರನೇ ಚೈನೇ ಆ ತಲೆ. ಅದು ಅಂಚಿನಲ್ಲಿ ಓರೆಯಾಗಿ ಕೂತಿರುತ್ತದೆ, ಕಂಬದಂತೆ ಕಾಣುವುದಿಲ್ಲ. ಬಿಟ್ಟುಬಿಡುತ್ತೇವೆ. ಆಗ ಕೊನೆಯ ಮನೆಯಲ್ಲಿ ಹನ್ನೊಂದೇ ತಲೆ. ಮುಂದಿನ ಸಾಲಿನಲ್ಲೂ ಬಿಟ್ಟರೆ ಇನ್ನೊಂದು ಹೋಯಿತು. ಹೊದಿಕೆ ತ್ರಿಕೋನವಾಗುವುದು ಹೀಗೆ. ಆ 3 ಚೈನ್ ಹಾಕಿದ ಕೂಡಲೇ ಮೂರನೆಯದಕ್ಕೆ ಒಂದು ಪಿನ್ನು ಚುಚ್ಚಿಬಿಡಿ, ತಿರುಗಿ ಬಂದಾಗ ಅಲ್ಲಿಗೇ ಹೋಗಬಹುದು.

ಎರಡನೆಯದು, ಮನೆಯಲ್ಲಿ ಹನ್ನೊಂದೋ ಹದಿಮೂರೋ ಬಂದಿದ್ದನ್ನು ನೋಡಿಯೂ ಮುಂದೆ ಸರಿಮಾಡಿಕೊಂಡರಾಯಿತು ಅಂತ ಹೋಗುವುದು. ಅಲೆಯಲ್ಲಿ ಅದು ನಡೆಯುವುದಿಲ್ಲ. ಒಂದು ಗುಡ್ಡ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದರೆ ಅದರ ಮೇಲಿನ ಎಲ್ಲ ಸಾಲೂ ಸರಿಯುತ್ತವೆ. ಬಿಚ್ಚಿ. ಕ್ರೋಶಾದಲ್ಲಿ ಕಡ್ಡಿಯ ಮೇಲೆ ಒಂದೇ ಕುಣಿಕೆ ಇರುವುದರಿಂದ ಬಿಚ್ಚುವುದು ಸಲೀಸು, ತಪ್ಪಿದ ಮನೆಯವರೆಗೆ ಎಳೆದು ಮತ್ತೆ ಶುರು ಮಾಡಿ. ಪಿನ್ನಿನ ಉಪಯೋಗ ಗೊತ್ತಾಗುವುದು ಆಗಲೇ. ತಪ್ಪು ಯಾವ ಮನೆಯಲ್ಲಿ ಅಂತ ಕೂಡಲೇ ಸಿಗುತ್ತದೆ, ಇಡೀ ಸಾಲು ಎಣಿಸುವ ಕೆಲಸ ಇಲ್ಲ.

ಕೂಡು ಹಾಕಿದಲ್ಲಿ ಸಣ್ಣ ತೂತು ಕಾಣುತ್ತದೆ ಅಂತಲೂ ಕೇಳುತ್ತಾರೆ. ಒಂದಿಷ್ಟು ಇದ್ದೇ ಇರುತ್ತದೆ. ತೀರಾ ದೊಡ್ಡದಾದರೆ ಆ ಎರಡು ಕೂಡು ಹಾಕುವಾಗ ದಾರವನ್ನು ಸ್ವಲ್ಪ ಬಿಗಿ ಹಿಡಿಯಿರಿ.

ಹಂತ 4: ಬಣ್ಣ ಬದಲಿಸುವುದು

ಒಂದೇ ಬಣ್ಣದಲ್ಲೂ ಹೆಣೆಯಬಹುದು. ಆದರೆ ಅಲೆ ಕಾಣಬೇಕಾದರೆ ಪಟ್ಟಿ ಬೇಕು. ಹಳೇಬೀಡಿಗೆ ಹೋದಾಗ ಗೋಡೆಯ ಬುಡದ ಪಟ್ಟಿಗಳನ್ನು ನೋಡಿದ್ದೀರಲ್ಲ, ಆನೆ ಸಾಲು, ಸಿಂಹದ ಸಾಲು, ಕುದುರೆ ಸಾಲು, ನಡುನಡುವೆ ಬಳಕುತ್ತಾ ಹೋಗುವ ಬಳ್ಳಿ. ಬಳ್ಳಿ ಎದ್ದು ಕಾಣುವುದು ಅಕ್ಕಪಕ್ಕ ಬೇರೆ ಏನೋ ಇರುವುದರಿಂದ. ಬಣ್ಣದಲ್ಲೂ ಅಷ್ಟೇ, ತಿಳಿ ಬಣ್ಣದ ಪಕ್ಕ ಗಾಢ ಬಣ್ಣ ಇಡಿ. ಗಾಢ ನೀಲಿ ಪಕ್ಕ ಗಾಢ ಹಸಿರು ಇಟ್ಟರೆ ರಾತ್ರಿ ದೀಪದಲ್ಲಿ ಎರಡೂ ಒಂದೇ.

ಈ ಸಲ ನಾನು ತೋಟದ ಬಣ್ಣ ತೆಗೆದುಕೊಂಡೆ. ಹೂಮಳೆ ಬಿದ್ದ ಮೇಲಿನ ಕಾಫಿ ಹೂವಿನ ಬಿಳಿ, ಎಲೆಯ ಕಡುಹಸಿರು, ಎಳೆ ಕಾಯಿಯ ತಿಳಿಹಸಿರು, ಹಣ್ಣಿನ ಕೆಂಪು, ಹುರಿದ ಬೀಜದ ಕಂದು. ಕೆಂಪು ಕಮ್ಮಿ ಇರಲಿ, ಎರಡು ಸಾಲು ಸಾಕು. ಎಲ್ಲ ಕಡೆ ಹಾಕಿದರೆ ಶಾಮಿಯಾನದಂತೆ ಕಾಣುತ್ತದೆ.

ಬಣ್ಣವನ್ನು ಎರಡು ಸಾಲಿಗೊಮ್ಮೆ ಬದಲಿಸಿ, ತಳದ ಸಿಂಗಲ್ ಸಾಲನ್ನೂ ಒಂದು ಸಾಲು ಅಂತ ಎಣಿಸಿ. ಆಗ ಬದಲಾವಣೆ ಯಾವಾಗಲೂ ಒಂದೇ ಅಂಚಿನಲ್ಲಿ ಆಗುತ್ತದೆ, ದಾರದ ತುದಿಗಳೆಲ್ಲ ಒಂದೇ ಕಡೆ ಇರುತ್ತವೆ.

ಬದಲಿಸುವ ಜಾಗ ಇಲ್ಲಿ: ಸಾಲಿನ ಕಟ್ಟಕಡೆಯ ಕಂಬದಲ್ಲಿ ಕಡ್ಡಿಯ ಮೇಲೆ ಎರಡು ಕುಣಿಕೆ ಉಳಿದಾಗ ಹಳೇ ಬಣ್ಣ ಬಿಟ್ಟು ಹೊಸ ಬಣ್ಣವನ್ನು ಎಳೆದುಕೊಳ್ಳಿ. ಕಂಬ ಮುಗಿದೇ ಹೋದ ಮೇಲೆ ಬದಲಿಸಿದರೆ ಹೊಸ ಸಾಲಿನ ಬುಡದಲ್ಲಿ ಹಳೇ ಬಣ್ಣದ ಚುಕ್ಕೆ ನಿಲ್ಲುತ್ತದೆ. ಹಳೇ ದಾರವನ್ನು 15 ಸೆಂ.ಮೀ. ಬಿಟ್ಟು ಕತ್ತರಿಸಿ. ಇದಕ್ಕಿಂತ ಗಿಡ್ಡ ಬಿಟ್ಟರೆ ಮುಂದೆ ಸೂಜಿಗೆ ಪೋಣಿಸಿ ಅಡಗಿಸಲು ಆಗುವುದಿಲ್ಲ. ಗಂಟು ಹಾಕಿ ಕತ್ತರಿಸಿಬಿಟ್ಟರಾಯಿತು ಅಂತ ಮಾಡಬೇಡಿ, ನಾಲ್ಕು ಸಲ ಒಗೆದರೆ ಗಂಟು ಜಾರುತ್ತದೆ.

ಹತ್ತು ಸಾಲಿಗೊಮ್ಮೆ ತುದಿಗಳನ್ನು ಅಡಗಿಸುತ್ತಾ ಬನ್ನಿ. ಮೊಂಡು ಸೂಜಿಯಲ್ಲಿ ಅದೇ ಬಣ್ಣದ ಕಂಬಗಳ ಒಳಗಿಂದ ಒಂದು ಕಡೆ ಎಳೆದು, ಒಂದು ಎಳೆ ಬಿಟ್ಟು ವಾಪಸ್ ಎಳೆದರೆ ಬಿಗಿಯಾಗಿ ಕೂರುತ್ತದೆ. ಕೊನೆಗೆ ಒಟ್ಟಿಗೆ ಮಾಡೋಣ ಅಂತ ಬಿಟ್ಟರೆ ಐವತ್ತಕ್ಕೂ ಜಾಸ್ತಿ ಬಣ್ಣ ಬದಲಾವಣೆ, ಒಂದೊಂದಕ್ಕೂ ಎರಡೆರಡು ತುದಿ. ಹೊದಿಕೆ ಅಲ್ಲೇ ಬೀರು ಸೇರುತ್ತದೆ.

ಹಂತ 5: ಅಂಚು

ಅಲೆಯಿರುವ ಎರಡು ತುದಿಗೆ ಏನೂ ಮಾಡುವುದು ಬೇಡ, ಅದೇ ಚಂದ. ಮೇಲಿನ ತುದಿ ಸಡಿಲ ಅನ್ನಿಸಿದರೆ ಕಂಬದ ಬದಲು ಸಿಂಗಲ್‌ನಲ್ಲಿ ಅದೇ ಪಾಠವನ್ನು ಒಂದು ಸಾಲು ಹೆಣೆಯಿರಿ. ನೇರ ಅಂಚುಗಳಿಗೆ, ಅಂದರೆ ಎರಡು ಪಕ್ಕಕ್ಕೆ, ಒಂದೊಂದು ಸಾಲು ಸಿಂಗಲ್ ಹಾಕಿ. ಒಂದು ಕಂಬದ ಸಾಲಿಗೆ ಎರಡು ಸಿಂಗಲ್. ಮೂರು ಹಾಕಿದರೆ ಅಂಚು ನೆರಿಗೆಯಾಗುತ್ತದೆ, ಒಂದೇ ಹಾಕಿದರೆ ಒಳಕ್ಕೆ ಸೆಳೆಯುತ್ತದೆ.

ಎಷ್ಟು ದಿನ ಬೇಕು?

ದಿನಕ್ಕೆ ಎರಡು ಸಾಲು, ಅಂದರೆ ಒಂದು ಬಣ್ಣದ ಪಟ್ಟಿ. 112 ಸಾಲಿಗೆ 56 ದಿನ. ಧನುರ್ಮಾಸದ ಚಳಿಗೆ ಹೊದೆಯಬೇಕು ಅಂದರೆ ದಸರಾ ಹೊತ್ತಿಗೆ ದಾರ ತಂದಿಟ್ಟುಕೊಳ್ಳಿ. ಒಂದೇ ವಾರದಲ್ಲಿ ಮುಗಿಸುತ್ತೇನೆ ಅಂತ ಹಟ ಹಿಡಿದರೆ ಮಣಿಕಟ್ಟು ಹಿಡಿದುಕೊಳ್ಳುತ್ತದೆ, ಅರ್ಧ ಗಂಟೆಗೊಮ್ಮೆ ಕೈ ಬಿಡಿ.

ಒಗೆಯುವುದು, ಒಣಗಿಸುವುದು

ಉಗುರು ಬೆಚ್ಚಗಿನ ನೀರು, ಸ್ವಲ್ಪ ಸೋಪಿನ ಪುಡಿ. ಹಿಂಡಬೇಡಿ. ಹಳೇ ಟವೆಲಿನಲ್ಲಿ ಸುತ್ತಿ ಒತ್ತಿದರೆ ನೀರು ಹೋಗುತ್ತದೆ. ಹಗ್ಗದ ಮೇಲೆ ನೇತುಹಾಕಿದರೆ ಒದ್ದೆ ಭಾರಕ್ಕೆ ಜಗ್ಗಿ ಉದ್ದವಾಗುತ್ತದೆ, ಚಾಪೆಯ ಮೇಲೆ ಹಾಸಿ ಒಣಗಿಸಿ. ತೋಟದ ಮನೆಯವರಿಗೆ ಕಣ ಇದೆ ನಿಜ, ಆದರೆ ಕೊಯ್ಲಿನ ಕಾಲದಲ್ಲಿ ಅದರ ತುಂಬ ಕಾಫಿ ಹರಡಿರುತ್ತದೆ. ಕಣ ಖಾಲಿಯಾಗುವವರೆಗೆ ತಾರಸಿಯೇ ಗತಿ.

ಅಕ್ರಿಲಿಕ್ ಮೇಲೆ ಇಸ್ತ್ರಿ ಪೆಟ್ಟಿಗೆ ಇಡಲೇಬೇಡಿ. ಬಿಸಿಗೆ ದಾರ ಕರಗಿ ಚಪ್ಪಟೆಯಾಗುತ್ತದೆ, ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ. ಬಚ್ಚಲ ಒಲೆಯ ಮುಂದೆ ಚಳಿ ಕಾಯಿಸಲು ಕೂರುವಾಗ ಇದನ್ನು ಹೊದ್ದುಕೊಂಡು ಕೂರಬೇಡಿ. ಕಿಡಿ ಸಿಡಿದರೆ ಈ ದಾರ ಕರಗಿ ಮೈಗೆ ಅಂಟುತ್ತದೆ. ಅಲ್ಲಿಗೆ ಹಳೇ ಕಂಬಳಿಯೇ ಸರಿ.